ಕೇಳದೆ ಉಜ್ಜಿಕೊಟ್ಟ ಗ್ಲಾಸು

ಟೂತ್‌ಪೇಸ್ಟ್ ಸಾಕಾ ಆಂಟಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸಾಕು, ಗೀರು ಕೂದಲೆಳೆಯಷ್ಟು ಸಣ್ಣದಿದ್ದರೆ, ಪೇಸ್ಟ್ ಬಿಳಿಯದ್ದಾದರೆ, ಮತ್ತು ನಿಮ್ಮ ವಾಚಿನ ಗ್ಲಾಸು ನಿಜವಾಗಿ ಪ್ಲಾಸ್ಟಿಕ್ಕಿನದ್ದೇ ಆಗಿದ್ದರೆ. ಮೂರರಲ್ಲಿ ಒಂದು ತಪ್ಪಿದರೂ ಅರ್ಧ ಗಂಟೆ ಉಜ್ಜಿ ನೀವು ಪಡೆಯುವುದು ಪುದೀನದ ಪರಿಮಳ ಮಾತ್ರ. ಉಗುರಿನಿಂದ ಒಮ್ಮೆ ತಟ್ಟಿ ನೋಡಿ. ಟಿಕ್ ಎಂದರೆ ಗಾಜು, ಸುಮ್ಮನೆ ವಾಪಸ್ ಕಟ್ಟಿಕೊಳ್ಳಿ. ಟಪ್ ಎಂದು ಸ್ವಲ್ಪ ಮಂಕಾಗಿ ಮಾತಾಡಿದರೆ ಪ್ಲಾಸ್ಟಿಕ್, ಅದಕ್ಕೆ ಮದ್ದುಂಟು.

ಬಂಟ್ವಾಳ ಪೇಟೆಯ ಒಂದು ವಾಚ್ ರಿಪೇರಿ ಅಂಗಡಿಯಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ಕೂತಿದ್ದೆ. ಈಗ ಅದೇ ಮೇಜಿನ ಮುಂದೆ ಇಬ್ಬರು ಹುಡುಗಿಯರು ಕೂರುತ್ತಾರೆ. ವಾರಕ್ಕೊಮ್ಮೆ ಫೋನ್ ಮಾಡಿ ಒಂದಲ್ಲ ಒಂದು ಡೌಟ್ ಕೇಳುತ್ತಾರೆ. "ಎಲ್ಲ ಒಂದು ಕಡೆ ಬರೆದು ಕೊಡಿ ಅಕ್ಕಾ" ಎಂದದ್ದೂ ಅವರೇ. ಪ್ರಮೋಷನ್ ಬಗ್ಗೆ ಬರೆಯುವ ಎಂದರೆ ಏನೂ ಇಲ್ಲ. ಮೊದಲ ದಿನ ಕೂತ ಸ್ಟೂಲಿನಿಂದಲೇ ಕೊನೆಯ ದಿನ ಎದ್ದೆ. ನಡುವೆ ಒಮ್ಮೆ ಅದಕ್ಕೊಂದು ಕುಶನ್ ಬಂತು, ದಟ್ ಈಸ್ ಆಲ್.

ನನ್ನ ಊರು ಮೂಡಬಿದಿರೆ. ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ನೀಡ್ಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ನಾವು ಕಸೂತಿ ಹಾಕಿದ ಕರ್ಚೀಫನ್ನು ಅವರು ಮುಂದಿನಿಂದ ನೋಡುತ್ತಲೇ ಇರಲಿಲ್ಲ. ತಿರುವಿ ಹಿಂದಿನ ದಾರದ ಗಂಟು ನೋಡಿ, "ವಿಮಲಾ, ದಿಸ್ ಈಸ್ ಎ ಕ್ರೋಸ್ ನೆಸ್ಟ್" ಎನ್ನುತ್ತಿದ್ದರು. ಕಾಗೆಯ ಗೂಡಿನಂತಿದ್ದ ಆ ಗಂಟುಗಳನ್ನು ಬಿಚ್ಚಿ ಬಿಚ್ಚಿಯೇ ನನ್ನ ಬೆರಳು ಪಳಗಿದ್ದು.

ಮದುವೆಯಾಗಿ ಬೆಳ್ತಂಗಡಿಯ ಪಕ್ಕದ ಲಾಯಿಲಕ್ಕೆ ಬಂದೆ. ಮನೆಯಲ್ಲಿ ಕೂತು ಬೋರ್ ಆಗುತ್ತಿದ್ದಾಗ ಒಂದು ಕೆಲಸದ ಸುದ್ದಿ ಬಂತು. ಬಂಟ್ವಾಳದ ಪೈಗಳಿಗೆ ಬೊಂಬಾಯಿಯ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವವರು ಬೇಕಂತೆ, ವಾಚಿನ ಸ್ಪೇರ್ ಪಾರ್ಟ್ಸ್ ತರಿಸಲಿಕ್ಕೆ. ಹಾಗೆ ಸೇರಿದ್ದು ನಾನು, ಕಾಗದ ಬರೆಯಲು. ಎರಡನೆಯ ವಾರದಲ್ಲಿ ಪೈಗಳ ಕೈಯಿಂದ ಒಂದು ಸ್ಕ್ರೂ ಜಾರಿತು. ರಾಗಿ ಕಾಳಿನ ಕಾಲು ಭಾಗ ಅದು. ಅವರು ಮೊಣಕಾಲೂರಿ ಅಂಗಡಿ ಇಡೀ ತಡಕಾಡಿದರು. ನಾನು ನನ್ನ ಸೀರೆಯ ನೆರಿಗೆಯಿಂದ ತೆಗೆದು ಕೊಟ್ಟೆ.

"ಕಂಡದ್ದು ಹೇಗೆ?" ಎಂದರು.

"ಹೊಳೆಯಿತಲ್ಲ ಪೈಮಾಮ್."

"ನಾಳೆಯಿಂದ ಕಾಗದ ಮಧ್ಯಾಹ್ನ ಬರಿ. ಬೆಳಿಗ್ಗೆ ಈ ಸ್ಟೂಲಿನಲ್ಲಿ ಕೂರು."

ಪೈಮಾಮ್ ಅಷ್ಟೇ ಮಾತಿನವರು. ನಮ್ಮ ಕಡೆ ಕೊಂಕಣಿ ಹಿರಿಯರಿಗೆ ಹಾಗೆ ಮಾಮ್ ಹಚ್ಚಿ ಕರೆಯುವುದು. ಆರು ತಿಂಗಳು ಅವರು ನನ್ನ ಕೈಗೆ ಜೀವಂತ ವಾಚ್ ಕೊಡಲಿಲ್ಲ. ಹಳೆಯ ಪ್ಲಾಸ್ಟಿಕ್ ಗ್ಲಾಸುಗಳ ಒಂದು ಡಬ್ಬಿ ಕೊಟ್ಟು, "ಇವುಗಳ ಗೀರು ತೆಗಿ" ಎಂದರು. ಅದನ್ನೇ ನಿಮಗೂ ಹೇಳುತ್ತೇನೆ ಹುಡುಗಿಯರೇ, ಯಾಕೆಂದರೆ ಈಗಿನ ವೀಡಿಯೋಗಳಲ್ಲಿ ಇದನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ಮೊದಲು ಗ್ಲಾಸಿನ ಸುತ್ತಲಿನ ಲೋಹಕ್ಕೆ ಟೇಪ್ ಅಂಟಿಸಿ. ಗೀರು ಉಗುರಿಗೆ ಸಿಗುತ್ತದೋ ನೋಡಿ. ಸಿಕ್ಕರೆ ಪೇಸ್ಟಿನಿಂದ ಏನೂ ಆಗದು, ನೀರಿನಲ್ಲಿ ನೆನೆಸಿದ ಪಾಲಿಶ್ ಪೇಪರ್ ಬೇಕು. ಮೊದಲು ಸ್ವಲ್ಪ ತರಿಯದ್ದು, ಆಮೇಲೆ ರೇಷ್ಮೆಯಂಥದ್ದು. ಪೇಪರಿನಲ್ಲಿ ಉರುಟುರುಟಾಗಿ ಉಜ್ಜಬೇಡಿ. ಒಮ್ಮೆ ಉದ್ದಕ್ಕೆ, ಪೇಪರ್ ಬದಲಿಸಿದ ಮೇಲೆ ಅಡ್ಡಕ್ಕೆ. ಉದ್ದದ ಗೀರು ಪೂರ್ತಿ ಹೋಗಿ ಅಡ್ಡದವು ಮಾತ್ರ ಉಳಿದಾಗ ಮುಂದಿನ ಪೇಪರ್. ಗ್ಲಾಸು ಹಾಲಿನ ಕೆನೆಯ ಹಾಗೆ ಮಂಕಾಗುತ್ತದೆ. ಹೆದರಬೇಡಿ. ಹಳೆ ಬನಿಯನ್ ಬಟ್ಟೆಗೆ ಪಾಲಿಶ್ ಹಚ್ಚಿ, ಈಗ ಉರುಟಾಗಿ, ಒತ್ತದೆ ಉಜ್ಜಿ. ಒತ್ತಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಪ್ಲಾಸ್ಟಿಕ್ ಸುಕ್ಕಾಗುತ್ತದೆ. ಕೊನೆಗೆ ಕಿಟಕಿಯ ಕಡೆ ತಿರುಗಿ, ಗ್ಲಾಸಿನಲ್ಲಿ ಕಿಟಕಿಯ ಸರಳುಗಳು ಹೇಗೆ ಕಾಣುತ್ತವೆ ನೋಡಿ. ಸರಳು ಎಲ್ಲಿಯಾದರೂ ಬಳುಕಿದರೆ ಅಲ್ಲಿ ನೀವು ಹಳ್ಳ ತೋಡಿದ್ದೀರಿ. ನನ್ನ ಮೊದಲ ಡಬ್ಬಿಯ ಗ್ಲಾಸುಗಳಲ್ಲಿ ನಮ್ಮ ಕಿಟಕಿಯ ಸರಳೆಲ್ಲ ನಾಗರಹಾವಾಗಿದ್ದವು.

ನನ್ನ ಮೊದಲ ದೊಡ್ಡ ಬ್ಲಂಡರ್ ಕೂಡ ಇದೇ ಗ್ಲಾಸಿನಲ್ಲಿ. ಬೆಳ್ತಂಗಡಿಯ ಒಬ್ಬ ಮಾಸ್ತರರ ವಾಚು. ಗೀರೆಲ್ಲ ತೆಗೆದು, ಟೇಪಿನ ಅಂಟು ಉಳಿದಿತ್ತೆಂದು ಪೇಂಟಿನವರ ತಿನ್ನರ್ ಮುಟ್ಟಿಸಿ ಒರಸಿದೆ. ಕಣ್ಣೆದುರಿಗೇ ಗ್ಲಾಸಿನ ಒಳಗೆ ಜೇಡರ ಬಲೆ ಹರಡಿತು. ಮಾಸ್ತರರು ಬಂದು ನೋಡಿ, "ಏನಮ್ಮಾ, ನನ್ನ ವಾಚಿಗೆ ಕ್ಯಾಟರಾಕ್ಟ್ ಬಂದಿದೆಯಲ್ಲ!" ಎಂದು ನಕ್ಕರು. ಪೈಮಾಮ್ ನಗಲಿಲ್ಲ. ಹೊಸ ಗ್ಲಾಸು ಹಾಕಿ ಕೊಟ್ಟರು. ಒಂದು ವಾರ ನನ್ನ ಹತ್ತಿರ ಕಾಗದವನ್ನು ಮಾತ್ರ ಬರೆಸಿದರು. ಸೋಪಿನ ನೀರು, ನೆನಪಿಡಿ. ಬೇರೇನೂ ಅಲ್ಲ.

ಆಮೇಲೆ ಅಂಗಡಿಗೆ ಪಾಲಿಶ್ ಮಾಡುವ ಮೋಟರ್ ಬಂತು. ಪೈಮಾಮ್ ಉತ್ಸಾಹದಿಂದ ಒಂದು ಪ್ಲಾಸ್ಟಿಕ್ ಗ್ಲಾಸು ಹಿಡಿದರು. ಸುಟ್ಟ ವಾಸನೆ ಬಂದ ಮೇಲೆ ಮೋಟರನ್ನು ಲೋಹಕ್ಕೆ ಮಾತ್ರ ಎಂದು ತೀರ್ಮಾನಿಸಿದರು. ಗಾಜಿನ ಗ್ಲಾಸುಗಳು ಬಂದವು, ಗೀರೇ ಬೀಳದಂಥವು ಬಂದವು, ಮೊಬೈಲ್ ಬಂದು ವಾಚೇ ಯಾಕೆ ಎನ್ನುವ ಕಾಲವೂ ಬಂತು. ಈಗ ಮತ್ತೆ ಅಜ್ಜನ ಕೀ ಕೊಡುವ ವಾಚು ಎಂದು ಹುಡುಗರು ಕಪಾಟಿನಿಂದ ತೆಗೆದು ತರುತ್ತಾರೆ, ಟಪ್ ಎನ್ನುವ ಗ್ಲಾಸಿನವು. ನನ್ನ ಕೈಯ ಕೆಲಸಕ್ಕೆ ಮುಪ್ಪಿನಲ್ಲಿ ಡಿಮಾಂಡ್!

ಅಹಂಕಾರ ಬರಲು ಅದೂ ಒಂದು ಕಾರಣ. ಪುಂಜಾಲಕಟ್ಟೆಯ ಒಬ್ಬ ಮದುಮಗ ಅಪ್ಪನ ವಾಚು ಕೊಟ್ಟಿದ್ದ. ಮದುವೆ ಮುಗಿಸಿ ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದ.

"ಅಕ್ಕಾ, ಇದಕ್ಕೆ ಗ್ಲಾಸು ಉಂಟಾ ಇಲ್ವಾ? ಧಾರೆಯ ಹೊತ್ತು ಇಡೀ ನಾನು ಇದನ್ನೇ ಮುಟ್ಟಿ ಮುಟ್ಟಿ ನೋಡಿದ್ದು."

"ಇವರು ನರ್ವಸ್ ಅಂತ ನಾನು ಗ್ರಹಿಸಿದೆ" ಎಂದಳು ಮದುಮಗಳು.

ಇದನ್ನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದೆನೋ! ಯಾರಾದರೂ ರಿಪೇರಿಗೆ ಕೊಟ್ಟರೆ ಕೇಳದಿದ್ದರೂ ಗ್ಲಾಸು ಉಜ್ಜಿ ಕೊಡುವುದು ಅಭ್ಯಾಸವಾಯಿತು. ಫ್ರೀ ಸರ್ವಿಸ್. ಎಲ್ಲರೂ ಖುಷಿಪಟ್ಟರು, ಒಬ್ಬರನ್ನು ಬಿಟ್ಟು. ಆ ಒಬ್ಬರ ಕಥೆಯನ್ನು ಬರೆಯಲಿಕ್ಕಾಗಿಯೇ ಇಷ್ಟೂ ಬರೆದದ್ದು ಎಂದರೂ ತಪ್ಪಿಲ್ಲ.

ನಾನು ರಿಟೈರ್ ಆಗುವ ಹಿಂದಿನ ವರ್ಷ, ಬೇಸಿಗೆಯ ಕೊನೆ. ವಾಮದಪದವಿನಿಂದ ನೇಮಿರಾಜ ಎಂಬವರು ಒಂದು ಹಳೆಯ ಕೀ ವಾಚು ತಂದರು. ನಮ್ಮವರೇ, ಜೈನರು. ಅವರ ತಂದೆ ಊರಿನ ಸಣ್ಣ ಬಸದಿಯಲ್ಲಿ ಪೂಜೆ ಮಾಡುತ್ತಿದ್ದವರು, ತೀರಿಹೋಗಿ ವರ್ಷಗಳಾಗಿತ್ತು. ವಾಚು ಈಗ ತಾಯಿಯದ್ದು. "ನಿಂತು ನಿಂತು ಹೋಗ್ತದೆ ಅಕ್ಕ, ಕ್ಲೀನ್ ಮಾಡಿ ಎಣ್ಣೆ ಬಿಟ್ಟು ಕೊಡಿ" ಎಂದರು. ಅಷ್ಟೇ ಹೇಳಿದ್ದು.

ಗ್ಲಾಸು ನೋಡಿ ನನಗೆ ಅಯ್ಯೋ ಅನಿಸಿತು. ಮೂಲೆ ಮೂಲೆಗೆ ಗೀರು. ಅವುಗಳ ನಡುವೆ ಅಂಚಿನ ಹತ್ತಿರ ಕೆಲವು ಆಳದವು, ಎಲ್ಲವೂ ನಡುವಿನ ಕಡೆಗೆ ಮುಖ ಮಾಡಿ ನೇರ ನಿಂತಿದ್ದವು. ಕಣ್ಣಿಗೆ ಲೆನ್ಸ್ ಹಾಕಿ ನೋಡಿದೆ, ಖಂಡಿತ ನೋಡಿದೆ. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. "ಇವು ಸ್ವಲ್ಪ ಹಠದವು" ಎಂದುಕೊಂಡು ತರಿಯ ಪೇಪರಿನಿಂದಲೇ ಶುರು ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಕಿಟಕಿಯ ಸರಳು ನೆಟ್ಟಗೆ ನಿಂತವು. ನೇಮಿರಾಜರು ಬಂದು, "ಓ, ಅಂಗಡಿಯಿಂದ ಈಗ ತಂದ ಹಾಗೆ ಉಂಟು!" ಎಂದರು. ಐ ವಾಸ್ ಸೋ ಪ್ರೌಡ್.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಬ್ಬರು ಹೆಂಗಸು ಮೆಟ್ಟಿಲು ಹತ್ತಿ ಬಂದರು. ಎಂಬತ್ತರ ಹತ್ತಿರದ ಪ್ರಾಯ, ಬಿಳಿ ಸೀರೆ, ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ವಾಚು. ಹಿಂದಿನಿಂದ ನೇಮಿರಾಜರು, ತಪ್ಪು ಮಾಡಿದ ಮುಖ ಹೊತ್ತು. ಆಕೆ ವಾಚನ್ನು ಕೌಂಟರಿನ ಮೇಲಿಟ್ಟು ತುಳುವಿನಲ್ಲಿ ಕೇಳಿದರು (ನಮ್ಮ ಮಾತೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ):

"ಇದರ ತಲೆ ಬೋಳಿಸಿದ್ದು ಯಾರು?"

ಪೈಮಾಮ್ ನನ್ನನ್ನು ನೋಡಿದರು. ನಾನು ಎದ್ದು ನಿಂತೆ. "ನಾನಮ್ಮ. ಗೀರು ತುಂಬ ಇತ್ತಲ್ಲ, ಚಂದ ಕಾಣಲಿ ಅಂತ..."

"ಚಂದ ಕಟ್ಟಿಕೊಂಡು ನಾನು ಯಾವ ಮದುವೆಗೆ ಹೋಗ್ಲಿಕ್ಕೆ ಉಂಟು ಮಾರಾಯ್ತಿ? ನನ್ನ ಗೆರೆ ಎಲ್ಲಿ? ಇಲ್ಲಿ ಒಂದು ಗೆರೆ ಇತ್ತು, ಅದು ಕಾರ್ತೆಲ್. ಎರಡು ಗೆರೆ ಆಟಿ. ಮೂರು ಸೋಣ. ನಾಲ್ಕು ನಿರ್ನಾಲ."

ಮಳೆಗಾಲದ ನಾಲ್ಕು ತುಳು ತಿಂಗಳುಗಳು ಅವು, ಜೂನ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ. ನನಗೆ ಅರ್ಥವಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ನಮ್ಮಲ್ಲಿ ವ್ರತ ಹಿಡಿದವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ಬೇಸಿಗೆಯಲ್ಲಾದರೆ ಸುನಂದಮ್ಮ, ಅದೇ ಅವರ ಹೆಸರು, ಅಂಗಳಕ್ಕೆ ಬಂದು ಪಡುವಣದ ಗುಡ್ಡೆ ನೋಡಿದರೆ ಆಯಿತು. ಮಳೆಗಾಲದಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಶಾಲೆಗೆ ಹೋಗದ ಅವರಿಗೆ ಗಂಟೆ ಓದಲು ಬಾರದು. ಅದಕ್ಕೆ ಗಂಡ ಒಂದು ಉಪಾಯ ಮಾಡಿದ್ದರು. ಮಳೆ ಬಿಟ್ಟ ಒಂದೊಂದು ಸಂಜೆಗೆ ಕಾದು, ಸೂರ್ಯ ಗುಡ್ಡೆಯ ಹಿಂದೆ ಇಳಿಯುವ ಹೊತ್ತಿಗೆ ಸರಿಯಾಗಿ ಉದ್ದದ ಮುಳ್ಳು ಎಲ್ಲಿತ್ತೋ ಅಲ್ಲಿ ಗ್ಲಾಸಿನ ಮೇಲೆ ಸೂಜಿಯಿಂದ ಗೆರೆ ಎಳೆದಿದ್ದರು, ತಿಂಗಳಿಗೊಂದು ಗುರುತು. ಗಿಡ್ಡ ಮುಳ್ಳು ನೆಟ್ಟಗೆ ಕೆಳಗೆ ಬಂದ ಮೇಲೆ, ಉದ್ದದ ಮುಳ್ಳು ಆ ತಿಂಗಳ ಗೆರೆ ಮುಟ್ಟುವ ಮೊದಲು ಊಟ ಮುಗಿಯಬೇಕು. ನಾಲ್ಕು ಗುರುತು ಆಗಲು ಮೂರು ಮಳೆಗಾಲ ಹಿಡಿದಿತ್ತಂತೆ. ನಾನು ತೆಗೆದುಕೊಂಡದ್ದು ಇಪ್ಪತ್ತು ನಿಮಿಷ.

"ನೀನು ಯಾವ ಊರಿನವಳು?" ಎಂದರು.

"ಮೂಡಬಿದಿರೆ ಅಮ್ಮ."

"ಜೈನರಾ?"

"ಹೌದು."

"ಮತ್ತೆ?" ಎಂದರು. ಏಳೂವರೆಯ ಬಸ್ಸಿನಲ್ಲಿ ನೆಲಗಡಲೆ ಜಗಿಯುತ್ತಾ ಮನೆಗೆ ಹೋಗುವ ಜೈನಳು ನಾನು.

ಪೈಮಾಮ್ ಮೆಲ್ಲನೆ ಕೇಳಿದರು, "ಅಮ್ಮ, ಈಗ ಎಂತ ಮಾಡ್ತೀರಿ?"

"ಎಂತ ಮಾಡುವುದು? ಸಂಜೆ ಮೋಡ ಕಟ್ಟಲು ಶುರುವಾಗಿದೆ. ನಾಲ್ಕು ಗಂಟೆಯ ಬಸ್ಸಿನ ಹಾರ್ನ್ ಕೇಳಿದಾಗ ಊಟ ಮುಗಿಸ್ತೇನೆ. ಅಲ್ಲಿಗೆ ನೀರೂ ಬಂದ್."

ಆಗ ನೇಮಿರಾಜರು ಬಾಯಿ ಬಿಟ್ಟರು. "ಅಮ್ಮನಿಗೆ ಶುಗರ್ ಉಂಟು. ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಬಾರದು ಅಂತ ಡಾಕ್ಟ್ರು ಬೈದಿದ್ದಾರೆ. ನಾವು ಗಂಟೆ ಹೇಳ್ತೇವೆ ಅಂದ್ರೆ ಕೇಳುವುದಿಲ್ಲ."

"ವ್ರತ ನನ್ನದು. ಹೊತ್ತು ನೋಡುವುದು ನೀನಾ?"

ನಾನು ಗಡಿಬಿಡಿಯಲ್ಲಿ ಮೊಬೈಲ್ ತೆಗೆದೆ. "ಅಮ್ಮ, ಇದರಲ್ಲಿ ದಿನದಿನದ ಸೂರ್ಯಾಸ್ತ ಉಂಟು, ಎಕ್ಸಾಕ್ಟ್ ಟೈಮ್. ಈಗಲೇ ನಾಲ್ಕೂ ಗುರುತು ಹಾಕಿ ಕೊಡ್ತೇನೆ."

"ಆ ಫೋನು ನಮ್ಮ ಗುಡ್ಡೆ ನೋಡಿದ್ದುಂಟಾ?"

ಮೊಬೈಲನ್ನು ವಾಪಸ್ ಬ್ಯಾಗಿಗೆ ಹಾಕಿದೆ. ಕ್ಯಾಲೆಂಡರಿನ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ. ಅವರ ಮನೆಯವರಿಗೆ, ಬಸದಿಯ ಮೆಟ್ಟಿಲಿನಿಂದ ನೋಡಿದರೆ ಗುಡ್ಡೆಯ ಹಿಂದೆ ಹೋದ ಸೂರ್ಯ ಮುಳುಗಿದ ಸೂರ್ಯ. ಪೈಮಾಮ್ ಲೆಕ್ಕದಲ್ಲಿ ಗಟ್ಟಿ. "ಒಂದು ದಿನ ಎಷ್ಟು ನಿಮಿಷ ವ್ಯತ್ಯಾಸ ಅಂತ ನೋಡಿದರೆ ಆಯ್ತಲ್ಲ? ಎಲ್ಲ ತಿಂಗಳಿಗೂ ಅಷ್ಟೇ ಕಳೆಯುವುದು" ಎಂದರು.

"ಗುಡ್ಡೆ ಎಂದರೆ ನಿಮ್ಮ ಈ ಮೇಜಾ ಪೈಗಳೇ, ಉದ್ದಕ್ಕೂ ಒಂದೇ ಎತ್ತರ ಇರ್ಲಿಕ್ಕೆ? ಕಾರ್ತೆಲ್‌ನಲ್ಲಿ ಬಲಗಡೆ ತಗ್ಗಿನಲ್ಲಿ ಇಳೀತಾನೆ. ಸೋಣಕ್ಕೆ ನೆತ್ತಿಗೆ ಬರ್ತಾನೆ. ತಿಂಗಳಿಗೊಂದು ಜಾಗ."

ಅವರು ಹೋದ ಮೇಲೆ ಪೈಮಾಮ್ ಬೈಯಬಹುದೆಂದು ಕಾದೆ. ಅವರು ಕನ್ನಡಕ ಒರಸಿಕೊಂಡು ಹೇಳಿದರು: "ಇಷ್ಟು ವರ್ಷ ಗೀರು ತೆಗೆದದ್ದು ಸಾಕು ವಿಮಲಾ. ಇನ್ನು ಹತ್ತು ಹಾಕ್ಲಿಕ್ಕೆ ಉಂಟು."

ಒಂದು, ಎರಡು, ಮೂರು, ನಾಲ್ಕು, ಒಟ್ಟು ಹತ್ತು. ಲೆಕ್ಕ ಸರಿ ಇತ್ತು.

ಕಾರ್ತೆಲ್ ಬಂತು, ಮಳೆಯೂ ಬಂತು. ವಾಚು ಸುನಂದಮ್ಮನ ಹತ್ತಿರವೇ ಇತ್ತು. ಸಾಣೆ ಹಿಡಿದ ಸೂಜಿ, ಪುಟ್ಟ ಸ್ಟೀಲ್ ಸ್ಕೇಲು ನನ್ನ ಬ್ಯಾಗಿನಲ್ಲಿ ಸದಾ ತಯಾರು. ಮಧ್ಯಾಹ್ನದ ಮೇಲೆ ಪೈಮಾಮ್ ಅಂಗಡಿಯ ಮೆಟ್ಟಿಲಿನಲ್ಲಿ ನಿಂತು ನೇತ್ರಾವತಿಯ ಆಚೆಗಿನ ಆಕಾಶ ನೋಡುವುದು. ಒಂದು ಚೂರು ನೀಲಿ ಕಂಡರೆ, "ವಿಮಲಾ, ಓಡು!" ನಾನು ಕೊಡೆ ಹಿಡಿದು ವಾಮದಪದವಿನ ಬಸ್ಸಿಗೆ ಓಡುವುದು. ಬಸ್ಸು ಇಳಿಯುವ ಹೊತ್ತಿಗೆ ಅಲ್ಲಿ ಧೋ ಎಂದು ಸುರಿಯುವುದು. ಗಿರಾಕಿಗಳು, "ಅಕ್ಕ ಎಲ್ಲಿ?" ಎಂದು ಕೇಳಿದರೆ ಪೈಮಾಮ್, "ಸೂರ್ಯನನ್ನು ಹಿಡೀಲಿಕ್ಕೆ ಹೋಗಿದ್ದಾಳೆ" ಎನ್ನುತ್ತಿದ್ದರಂತೆ.

ಆರು ಸಲ ಹೋದೆ. ಆರು ಸಲವೂ ಗುಡ್ಡೆಯೇ ಕಾಣಲಿಲ್ಲ, ಮತ್ತೆ ಸೂರ್ಯನ ಮಾತೆಲ್ಲಿ? ಪ್ರತಿ ಸಲ ಸೊಸೆ ವಸಂತಿ ನನಗೆ ಬಿಸಿ ಕಾಫಿ ಕೊಡುವುದು, ನಾಲ್ಕಕ್ಕೇ ಊಟ ಮುಗಿಸಿದ ಸುನಂದಮ್ಮ ಎದುರು ಕೂತು ನಾನು ಕುಡಿಯುವುದನ್ನು ನೋಡುವುದು. "ಕುಡಿ ಕುಡಿ, ನಿನಗೆಂತ, ನಿನ್ನ ಸೂರ್ಯ ಮುಳುಗುವುದೇ ಇಲ್ಲ" ಎಂದು ಒಂದು ಚುಚ್ಚು. ಆಮೇಲೆ ತಾವೇ ನಗುವುದು.

ಏಳನೆಯ ಸಲ ಹೋಗುವ ಮೊದಲು ನೇಮಿರಾಜರ ಫೋನ್ ಬಂತು. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅಮ್ಮನಿಗೆ ತಲೆ ತಿರುಗಿತಂತೆ. ಬಟ್ಟೆ ಒಗೆಯುವ ಕಲ್ಲು ಹಿಡಿದುಕೊಂಡು ಕೂತರು, ಬೀಳಲಿಲ್ಲ. ಆ ದಿನ ಗುಡ್ಡೆಗೆ ಹೋಗಲಿಲ್ಲ, ಅವರನ್ನು ನೋಡಲು ಹೋದೆ.

"ಅಮ್ಮ, ಗುರುತು ಆಗುವ ತನಕ ನೇಮಣ್ಣ ಗಂಟೆ ಹೇಳಲಿ. ಪ್ಲೀಸ್. ತಪ್ಪು ನನ್ನದು, ಪಾಪ ನನಗೆ ಬರಲಿ."

ಅವರು ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. "ಅವರು ನನಗೆ ಗೆರೆ ಹಾಕಿ ಕೊಟ್ಟದ್ದು ಯಾಕೆ ಗೊತ್ತುಂಟಾ? ಮೊದಲು ನಾನು ದಿನಕ್ಕೆ ಹತ್ತು ಸಲ ಕೇಳ್ತಿದ್ದೆ, ಹೊತ್ತಾಯ್ತಾ, ಹೊತ್ತಾಯ್ತಾ ಅಂತ. ಅವರಿಗೆ ಪೂಜೆಯ ನಡುವೆ ಉಪದ್ರ. ಒಂದು ದಿನ ವಾಚು ಬಿಚ್ಚಿ ನನ್ನ ಕೈಗೇ ಕಟ್ಟಿದರು. 'ಇನ್ನು ನೀನು ಯಾರನ್ನೂ ಕೇಳಬೇಡ' ಅಂದರು. ಈಗ ಈ ಪ್ರಾಯದಲ್ಲಿ ಮತ್ತೆ ಕೇಳಿಕೊಂಡು ತಿರುಗುವುದಾ?"

ಬಸ್ಸಿನಲ್ಲಿ ಮನೆಗೆ ಬರುವಾಗ ಕಡಲೆ ಕೊಳ್ಳಲಿಲ್ಲ.

ಕಾರ್ತೆಲ್ ಹಾಗೆಯೇ ದಾಟಿತು. ಆಟಿಯಲ್ಲಿ ಒಂದು ದಿನ, ಬಿಸಿಲು ಎಂದರೆ ಬಿಸಿಲು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ಪೈಮಾಮ್ "ಓಡು" ಎನ್ನುವ ಮೊದಲೇ ನಾನು ಬಸ್ಸಿನಲ್ಲಿದ್ದೆ. ಬಸದಿಯ ಮೆಟ್ಟಿಲಿನಲ್ಲಿ ನಾವು ಮೂರೂ ಹೆಂಗಸರು ಸಾಲಾಗಿ ಕೂತೆವು. ಸೂರ್ಯ ಇಳಿಯುತ್ತಾ ಬಂದ. ವಾಚು ನನ್ನ ತೊಡೆಯ ಮೇಲೆ, ಸೂಜಿ ಕೈಯಲ್ಲಿ.

"ನಿಲ್ಲು" ಎಂದರು ಸುನಂದಮ್ಮ, ಗುಡ್ಡೆಯಿಂದ ಕಣ್ಣು ತೆಗೆಯದೆ. "ನಿಲ್ಲು... ಇನ್ನೂ ಚೂರು ಉಂಟು... ಈಗ!"

ನಂಬಿದರೆ ನಂಬಿ, ನನ್ನ ಕೈ ಮುಂದೆ ಹೋಗಲಿಲ್ಲ. ಗ್ಲಾಸಿನ ಮೇಲೆ ಗೀರು ಎಂದರೆ ಮೂವತ್ತು ವರ್ಷ ನನಗೆ ವೈರಿ. ನಾನೇ ಉಜ್ಜಿ ಕನ್ನಡಿ ಮಾಡಿದ ಗ್ಲಾಸು ಅದು.

"ಎಂತ ನೋಡ್ತೀ? ಎಳಿ ಮಾರಾಯ್ತಿ, ಮುಳ್ಳು ಓಡ್ತದೆ!"

ಎಳೆದೆ. ಎರಡು ಗೆರೆ. ಮೊದಲನೆಯದು ಸ್ವಲ್ಪ ನಡುಗಿದೆ, ಲೆನ್ಸ್ ಹಾಕಿದರೆ ಕಾಣುತ್ತದೆ. ಮರುದಿನದಿಂದ ಸುನಂದಮ್ಮನ ಊಟ ನಾಲ್ಕರಿಂದ ಆರೂವರೆಯ ಹತ್ತಿರಕ್ಕೆ ಬಂತು. ಸೋಣ, ನಿರ್ನಾಲದ ಗುರುತುಗಳಿಗೆ ಅಷ್ಟು ಕಷ್ಟವಾಗಲಿಲ್ಲ, ಮಳೆ ಕಡಿಮೆಯಾಗಿತ್ತು. ಅಷ್ಟರಲ್ಲಿ ನನ್ನ ಕೈಗೂ ಗೀರು ಹಾಕುವ ಅಭ್ಯಾಸವಾಗಿತ್ತು. ಉಳಿದದ್ದು ಒಂದು, ಕಾರ್ತೆಲ್‌ನ ಒಂಟಿ ಗೆರೆ.

ಮಾರ್ಚಿನಲ್ಲಿ ನಾನು ರಿಟೈರ್ ಆದೆ. ಪೈಮಾಮ್ ಹಾರ ಹಾಕಿ, ಸ್ಟೂಲಿನ ಕುಶನ್ ತೆಗೆದು ಕೈಗೆ ಕೊಟ್ಟು, "ಇದು ನಿನ್ನದೇ" ಎಂದರು. ನನಗೆ ಅಳು ಬಂತು, ಅವರು ಆಚೆ ತಿರುಗಿ ಗೋಡೆಯ ಗಡಿಯಾರಕ್ಕೆ ಕೀ ಕೊಡತೊಡಗಿದರು. ಮುನ್ನಾ ದಿನವಷ್ಟೇ ಅದಕ್ಕೆ ಪೂರ್ತಿ ಕೀ ಕೊಟ್ಟಾಗಿತ್ತು.

ಮತ್ತೆ ಕಾರ್ತೆಲ್ ಬಂದಾಗ ಬಸ್ಸನ್ನು ನಂಬಲಿಲ್ಲ. ಸುನಂದಮ್ಮ ಮತ್ತೆ ನಾಲ್ಕು ಗಂಟೆಯ ಹಾರ್ನಿಗೆ ಊಟ ನಿಲ್ಲಿಸಿದ್ದಾರೆ, ಶುಗರ್ ಒಮ್ಮೆ ಕೆಳಗೆ ಒಮ್ಮೆ ಮೇಲೆ ಎಂದು ನೇಮಿರಾಜರು ಹೇಳಿದ್ದರು. ಬ್ಯಾಗಿಗೆ ನಾಲ್ಕು ಸೀರೆ ತುಂಬಿಸಿಕೊಂಡು ಲಾಯಿಲದಿಂದ ಹೊರಟೆ. ಸೂರ್ಯ ಬರುವ ತನಕ ಅವರ ಮನೆಯಲ್ಲೇ ಇರುವುದೆಂದು.

"ಇರು, ಆದರೆ ಈ ಮನೆಯಲ್ಲಿ ನಾನು ಉಂಡ ಮೇಲೆ ಯಾರೂ ನನ್ನೆದುರು ಕಾಫಿ ಕುಡಿಯಬಾರದು" ಎಂದರು ಸುನಂದಮ್ಮ.

"ಹೋದ ವರ್ಷ ಕುಡಿಸಿದಿರಲ್ಲ?"

"ಆಗ ನೀನು ನೆಂಟಳು."

ಹಾಗೆ ನಾನೂ ನಾಲ್ಕಕ್ಕೆ ನಿಲ್ಲಿಸಿದೆ. ಏಳು ಗಂಟೆಗೆ ಹೊಟ್ಟೆ ಕೂಗತೊಡಗಿತು. ಎರಡನೆಯ ದಿನ ಬಾಯಿ ಒಣಗಿ ಮಾತೇ ಬೇಡ ಅನಿಸಿತು. ಈ ಎಂಬತ್ತರ ಜೀವ, ಶುಗರ್ ಮಾತ್ರೆ ನುಂಗಿಕೊಂಡು, ನಾನು ಇಪ್ಪತ್ತು ನಿಮಿಷ ಮೆರೆದ ತಪ್ಪಿಗೆ ಹೋದ ವ‌ರ್ಷ ಒಂದು ತಿಂಗಳಿಗೂ ಮೇಲೆ ಹೀಗೆ ಕಳೆದರಲ್ಲ ಎಂದು ಅಂದಾಜಾದದ್ದು ಆಗ. ಅಲ್ಲಿಯ ತನಕ ಬಾಯಲ್ಲಿ ಸಾರಿ ಹೇಳಿದ್ದೆ, ಹೊಟ್ಟೆಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಇಡೀ ಮಳೆ. ಸಂಜೆ ಆರೂವರೆಗೆ ವಸಂತಿ ಅಂಗಳದಿಂದ ಕೂಗಿದಳು, "ಅತ್ತೇ, ಪಡುವಣ ಹರಿಯಿತು!" ಸುನಂದಮ್ಮ ಕೊಡೆಯನ್ನೂ ಹಿಡಿಯದೆ ಹೊರಟರು. ನಾನು ಹಿಂದಿನಿಂದ, ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು. ಬಸದಿಯ ಮೆಟ್ಟಿಲು ಮುಟ್ಟುವಾಗ ಮೋಡದ ಕೆಳಗಿನ ಸೀಳಿನಲ್ಲಿ ಸೂರ್ಯ ಹೊರಗೆ ಬಿದ್ದ, ಗುಡ್ಡೆಯ ಬಲಗಡೆಯ ತಗ್ಗಿಗೆ ಸರಿಯಾಗಿ. ನೋಡಲು ಸಿಕ್ಕಿದ್ದು ಮೂರೋ ನಾಲ್ಕೋ ನಿಮಿಷ.

"ಈಗ!"

ಒಂದೇ ಎಳೆತ. ಈ ಗೆರೆ ನಡುಗಲಿಲ್ಲ. ಸುನಂದಮ್ಮ ವಾಚನ್ನು ಕಣ್ಣಿನ ಹತ್ತಿರ ಹಿಡಿದು, ಉಗುರಿನಿಂದ ಗೆರೆಯನ್ನು ಮುಟ್ಟಿ ನೋಡಿದರು. ವಾಚು ಕಟ್ಟಿಕೊಂಡು ಮನೆಗೆ ನಡೆದರು.

ಮರುದಿನ ನಾನು ಹೊರಡಬೇಕಿತ್ತು. ಮಳೆ ಬಿಡಲಿಲ್ಲ. ನಾಲ್ಕಕ್ಕೆ ಬಸ್ಸಿನ ಹಾರ್ನ್ ಕೇಳಿತು. ಸುನಂದಮ್ಮ ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲೂ ಇಲ್ಲ. ಆರು ಕಳೆಯುವಾಗ ಒಳಗೆಲ್ಲ ಕತ್ತಲೆ ಕಟ್ಟಿ ಲೈಟ್ ಹಾಕಬೇಕಾಯಿತು. ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಅವರು ನೀರುದೋಸೆ ತಿನ್ನುತ್ತಿದ್ದರು, ಪಕ್ಕದಲ್ಲಿ ನಾನು, ತೆಂಗಿನ ತುರಿ ಬೆಲ್ಲದ ಜೊತೆ. ವಸಂತಿ ಕಿಟಕಿಯ ಹೊರಗಿನ ಕಪ್ಪು ನೋಡಿ ಹೆದರಿ ಒಲೆ ಆರಿಸಲು ಹೋದಳು.

"ಅತ್ತೇ, ಸಾಕು ಮಾಡುವ. ಹೊತ್ತು ಮುಳುಗಿಯೇ ಹೋಯ್ತೋ ಏನೋ."

ಸುನಂದಮ್ಮ ಎಡಗೈ ಬೆಳಕಿಗೆ ತಿರುಗಿಸಿದರು. ವಾಚು ನೋಡಿದರು. ಉದ್ದದ ಮುಳ್ಳಿಗೂ ಒಂಟಿ ಗೆರೆಗೂ ನಡುವೆ ಬೆಳ್ಳಗೆ ಒಂದಿಷ್ಟು ಜಾಗ ಇನ್ನೂ ಖಾಲಿ ಇತ್ತು.

"ಯಾರು ಹೇಳಿದ್ದು ಮುಳುಗಿತು ಅಂತ? ಬೇಕಾದಷ್ಟು ಹೊತ್ತುಂಟು. ಕಾವಲಿ ಇಳಿಸಬೇಡ, ಇನ್ನೊಂದು ಹೊಯ್ಯಿ" ಎಂದು ಬಟ್ಟಲು ಮುಂದೆ ತಳ್ಳಿದರು. ಆಮೇಲೆ ನನ್ನ ಬಟ್ಟಲನ್ನೂ ತಳ್ಳಿದರು. "ಇವಳಿಗೂ."

ಮುಳ್ಳು ಗೆರೆ ಮುಟ್ಟುವ ಮೊದಲು ಅವರು ಇನ್ನೂ ಮೂರು ದೋಸೆ ತಿಂದರು. ನಾನು ಎರಡು.